ಶಿವರಾತ್ರಿಗೂ ಯುಗಾದಿಗೂ ನಡುವೆ

ಕೊಪ್ಪಳ
2 ಮಾರ್ಚ್ 2025, ಭಾನುವಾರ

ಇವತ್ತು ಊರ ಪಕ್ಕದ ಪಾಲ್ಕಿಗುಂಡು ಗುಡ್ಡಕ್ಕೆ ಹೋಗಿ ಬಂದೆ. ನಡೆದು. ಪೂರ್ತಿ ಮೇಲಿನತನಕ.

ದೀಪಾವಳಿ ದಾಟಿದ ಮೇಲೆ ಶಾಲೆ, ದವಾಖಾನೆ, ಮನೆ ಬಿಟ್ಟರೆ ಎಲ್ಲಿಗೂ ಹೋದವಳಲ್ಲ ನಾನು. ಈ ಚಳಿಗಾಲ ದಮ್ಮು ಬಿಡಲೇ ಇಲ್ಲ. "ನಸುಕಿನಾಗ ಹೊರಗ ಬೀಳಬ್ಯಾಡ್ರಿ ಮೇಡಂ" ಅಂದಿದ್ದರು ಡಾಕ್ಟರು. ಚಳಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಅಲ್ಲೇ ಕೂತುಬಿಡುತ್ತದೆ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ನಿಲ್ಲುತ್ತದೆ, ಹೊಗೆ ಧೂಳು ಯಾವುದೂ ಮೇಲೇರುವುದಿಲ್ಲ, ಬಿಸಿಲಿಗೆ ನೆಲ ಕಾದಮೇಲೆಯೇ ಎಲ್ಲ ಚದುರುವುದು ಅಂತ ಕಾಗದದ ಮೇಲೆ ಗೀಟು ಎಳೆದು ತೋರಿಸಿದ್ದರು. ಅದರ ಮೇಲೆ ಚಳಿಗಾಲದ ಗಾಳಿ ಬೀಸುವುದೇ ಮೂಡಲಿಂದ. ಮೂಡಲಿಗೆ ಗಿಣಿಗೇರಿ ಕಡೆಯ ಕಾರ್ಖಾನೆಗಳಿವೆ ಅಂತ ನಮ್ಮೂರವರಿಗೆ ಹೇಳಬೇಕಿಲ್ಲ.

ಜನವರಿ 15ಕ್ಕೆ ಗವಿಮಠದ ಗವಿಸಿದ್ಧೇಶ್ವರ ಅಜ್ಜನ ತೇರು. ದಾಸೋಹಕ್ಕೆ ಅಂತ ಓಣಿಯ ಹೆಂಗಸರೆಲ್ಲ ಕೂತು ರೊಟ್ಟಿ ಬಡಿದೆವು. ರೊಟ್ಟಿ ಗವಿಮಠಕ್ಕೆ ಹೋದವು, ನಾ ಹೋಗಲಿಲ್ಲ. ಇದೇ ಊರಲ್ಲಿ ಹುಟ್ಟಿ, ಅಜ್ಜನ ತೇರನ್ನು ಮೊಬೈಲಿನಲ್ಲಿ ನೋಡಿದೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ಹೋಯಿತು. ಯುಗಾದಿ ಇದೇ 30ಕ್ಕೆ. ನಮ್ಮ ಕಡೆ ವಸಂತ ಅಂತ ಏನಾದರೂ ಇದ್ದರೆ ಈ ಎರಡು ಹಬ್ಬಗಳ ನಡುವೆ ಇರುವಷ್ಟೇ. ಏಪ್ರಿಲ್ ಬಂತೆಂದರೆ ಸರ್ಕಾರಿ ಆಫೀಸುಗಳೇ ಮುಂಜಾನೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವಂಥ ಬಿಸಿಲು. ಈಗ ಹೊರಗೆ ಬೀಳದಿದ್ದರೆ ಮತ್ತೆ ಮಳೆಗಾಲದವರೆಗೂ ಇಲ್ಲ.

ಇವತ್ತಿನಿಂದ ರಂಜಾನ್ ಉಪವಾಸ. ಪಕ್ಕದ ಮನೆಯವರು ನಸುಕಿಗೆ ಎದ್ದು ಅಡುಗೆಗಿಟ್ಟ ಸದ್ದಿಗೆ ನನಗೂ ಎಚ್ಚರಾಯಿತು. ಹಾಸಿಗೆಯಲ್ಲೇ ಎದ್ದು ಕೂತು ಉಸಿರು ಎಳೆದು ನೋಡಿದೆ. ಎದೆಯಲ್ಲಿ ಸದ್ದಿಲ್ಲ. ಇನ್ನೊಮ್ಮೆ ಎಳೆದೆ. ಇಲ್ಲ. ಬಿಸಿಲು ಸ್ವಲ್ಪ ಏರುವತನಕ ಕಾದು, ಇವರಿಗೆ ಚಹಾ ಮಾಡಿಟ್ಟು ಹೊರಟೆ. "ಪಂಪ್ ತಗೊಂಡಿ ಇಲ್ಲೋ?" ಅಂತ ಬಾಗಿಲಿನತನಕ ಬಂದರು.

ಬಂಡೆ ಶುರುವಾಗುವಲ್ಲಿಗೆ ಏದುಸಿರು ಬಂತು. ಪಂಪ್ ತೆಗೆದು ಬಾಯಿಗಿಟ್ಟುಕೊಂಡೆ. ಆಚೆ ನೆರಳಿನಲ್ಲಿ ಆಡು ಬಿಟ್ಟುಕೊಂಡು ಕೂತಿದ್ದ ಮುದುಕಿ ನೋಡುತ್ತಲೇ ಇದ್ದಳು.

"ಒಬ್ಬಾಕೇ ಬಂದಿಯೇನಬೇ? ಕುಂದ್ರು. ನೀರು ಕುಡಿ. ಮಾತಾಡಬ್ಯಾಡ."

ಕೂತೆ.

"ಅಂಥದ್ದು ನಮ್ಮ ಮೊಮ್ಮಗನ ಕಡೀಗೂ ಐತಿ. ನೀಲೀದು. ಒತ್ತಿದ್ರ ಪುಸ್ ಅಂತೈತಿ."

"ಎಷ್ಟನೇತ್ತ ಓದತಾನ್ರೀ ಯಮ್ಮಾ?"

"ಮೂರನೇತ್ತ. ಮಗಳ ಮಗ. ಗಿಣಿಗೇರಿ ಕಡಿ ಕೊಟ್ಟೇವಿ ಆಕಿನ್ನ." ಸ್ವಲ್ಪ ಹೊತ್ತು ಸುಮ್ಮನಾದಳು. "ಹೋದ ವರ್ಷ ಒಂದೀಟು ದಿನ ಈ ಆಡು ಅಲ್ಲೇ ಹೊಡಕೊಂಡು ಹೋಗಿದ್ದೆ. ಮೇವು ಭಾಳ ಐತಿ ಅಂದಿದ್ದಳು ಮಗಳು. ಐತಿ, ಇಲ್ಲಂತಲ್ಲ. ಎಲಿ ಮ್ಯಾಲೆ ಮಾತ್ರ ಕರೀ ಬೂದಿ. ಕೈಯಾಡಿಸಿದ್ರ ಅಂಗೈ ಕರ್ರಗ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರ ಹೌದಿಲ್ಲೋ? ಮೂಸಿದ್ವು, ಹಿಂದಕ್ಕ ಸರದ್ವು. ನಾ ನನ್ನ ಕಣ್ಣಾರೆ ನೋಡಿನಿ."

ನಾನು ಏನೂ ಹೇಳಲಿಲ್ಲ. ಆಡು ಹಿಂದೆ ಸರಿಯಬಹುದು. ಹೊಡೆದುಕೊಂಡು ಈ ಕಡೆ ಬರಬಹುದು. ಮೂರನೇತ್ತೆ ಓದುವ ಹುಡುಗ?

"ಮೊಮ್ಮಗನ್ನ ಇಲ್ಲೇ ಕರಕೊಂಡು ಬರ್ರಿ" ಅಂದೆ, ಉಸಿರು ಹದಕ್ಕೆ ಬಂದಮೇಲೆ.

"ಬರ್ತಾನ, ಸೂಟಿಗೆ. ಆಮ್ಯಾಲೆ ಸಾಲಿ ಇಲ್ಲೇನು? ಅವ್ವ ಬಿಟ್ಟು ಇರತಾನೇನು?" ಎದ್ದು ಸೀರೆ ಕೊಡವಿಕೊಂಡಳು. "ಹತ್ತೂದಿದ್ರ ಹತ್ತು. ಗುಡ್ಡದ ತುದಿ ನೋಡ್ಕೋತ ಹತ್ತಬ್ಯಾಡ, ಕಾಲಾಗಿಂದು ನೋಡು. ನಿಂತಲ್ಲೆ ನಿಂದರು, ಯಾರೇನೂ ಅನ್ನಂಗಿಲ್ಲ."

ಹಾಗೇ ಹತ್ತಿದೆ. ನಿಂತಲ್ಲೆಲ್ಲ ನಿಂತೆ.

ಮೇಲೆ ಅಶೋಕನ ಶಾಸನ. ಗವಿಮಠದ್ದೂ ಇದೂ 1931ರಲ್ಲಿ ಬೆಳಕಿಗೆ ಬಂದವು. ಗವಿಮಠದ್ದು ಈಗಲೂ ಸ್ಫುಟವಾಗಿದೆ, ಇಲ್ಲಿಯದು ಬಹಳ ಸವೆದಿದೆ, ಬ್ರಾಹ್ಮಿ ಬಲ್ಲವರಿಗೂ ಕಷ್ಟ. ಅದರಲ್ಲಿರುವ ಮಾತು ಮಾತ್ರ ನಾನು ಪ್ರತಿವರ್ಷ ಮಕ್ಕಳಿಗೆ ಹೇಳುವಂಥದ್ದು: ಇದು ದೊಡ್ಡವರಿಗಷ್ಟೇ ಸಿಗುವಂಥದ್ದಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗವನ್ನೇ ಪಡೆಯಬಹುದು ಅಂತ. ತರಗತಿಯಲ್ಲಿ ಹೇಳುವಾಗ ಪಾಠ ಅದು. ಇವತ್ತು ಆ ಬಂಡೆಗೆ ಬೆನ್ನು ಕೊಟ್ಟು ಕೂತಾಗ ನನಗೇ ಬೇಕಿತ್ತು.

ಎಷ್ಟು ಚೆಂದ ಇತ್ತು! ಕೋಟೆ, ಅದರ ಬುಡದ ಹುಲಿಕೆರೆ, ದೂರದಲ್ಲಿ ಕೊಯ್ದು ಬೋಳಾದ ಜೋಳದ ಹೊಲ. ಎಲ್ಲೋ ಹುಣಸೆ ಬಡಿಯುವ ಸದ್ದು. ಬೇವು ಹಳೆ ಎಲೆ ಉದುರಿಸಿ ಕೆಂಪು ಚಿಗುರು ಬಿಟ್ಟಿದೆ. ಕೆಳಗೊಂದು ಮುತ್ತಲ ಗಿಡ, ಒಂದೂ ಎಲೆಯಿಲ್ಲ, ಬರೀ ಹೂ. ಗಾಳಿ ತಂಪಿತ್ತು, ನಾನದನ್ನು ಹೊಟ್ಟೆ ತುಂಬ ಕುಡಿದೆ.

ಮನೆಗೆ ಬಂದು ಮಾಳಿಗೆ ಮೇಲಿನ ಬಟ್ಟೆ ತೆಗೆಯುವಾಗ ಕೈ ನೋಡಿಕೊಂಡೆ. ಬೆರಳಿಗೆ ಕರೀ ಪುಡಿ. ದಿನಾ ಇರುತ್ತದೆ, ದಿನಾ ಕೊಡವುತ್ತೇನೆ. ಇವತ್ತು ಕೊಡವಲು ಆಗಲಿಲ್ಲ, ನಿಂತುಬಿಟ್ಟೆ. ಕಳೆದ ಸೋಮವಾರ, 24ಕ್ಕೆ, ಊರಿಗೆ ಹೊಂದಿಕೊಂಡೇ ದೊಡ್ಡ ಉಕ್ಕಿನ ಕಾರ್ಖಾನೆ ಬರುವುದು ಬೇಡ ಅಂತ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿ, ನಮ್ಮ ಅಜ್ಜಾರೇ, ಜನರ ಜೊತೆ ನಡೆದರು. ಅಂಗಡಿ ಮುಚ್ಚಿ ಬಂದವರು, ಹಳ್ಳಿಗಳಿಂದ ಬಂದವರು, ಕಾಲೇಜು ಹುಡುಗಿಯರು. ಆ ಗದ್ದಲದಲ್ಲಿ ಆ ಮುದುಕಿಯ ಮಗಳೂ ಇದ್ದಳೋ ಏನೋ. ಕೆಲಸ ಸಿಗುತ್ತದಲ್ಲ ಅನ್ನುವವರು ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ. ಮನೆಯಲ್ಲಿ ದುಡಿಯುವ ಕೈ ಖಾಲಿ ಕೂತವರ ಕಷ್ಟ ನನಗೆ ಗೊತ್ತು, ಅವರ ಮೇಲೆ ಸಿಟ್ಟಿಲ್ಲ. ಆದರೆ ನಾಳೆ ಅವರಿಗೆ ಮುದುಕಿ ಹೇಳಿದ ಆಡಿನ ಮಾತು ಹೇಳುತ್ತೇನೆ.

ಮಗಳಿಗೆ ನಿನ್ನೆಯಿಂದ ಪಿಯುಸಿ ಪರೀಕ್ಷೆ. ಗುಡ್ಡದ ಸುದ್ದಿ ಕೇಳಿ ಪುಸ್ತಕ ಮುಚ್ಚಿ, "ನನ್ನ ಬಿಟ್ಟು ಹೋದಿ ಅಲ್ಲವ್ವಾ?" ಅಂದಳು. 20ಕ್ಕೆ ಮುಗಿಯುತ್ತದೆ. ಆಮೇಲೆ ಹಿರೇಬೆಣಕಲ್‌ಗೆ ಹೋಗೋಣ, ಮೋರ್ಯರ ಗುಡ್ಡಕ್ಕೆ, ಅಂತ ಹೇಳಿದ್ದೇನೆ. ಸಾವಿರಾರು ವರ್ಷದ ಆ ಕಲ್ಲಿನ ಮನೆಗಳನ್ನು ಅವಳು ಪುಸ್ತಕದಲ್ಲೇ ನೋಡಿದ್ದಾಳೆ. ದೊಡ್ಡ ಗುಡ್ಡ, ಪಾಲ್ಕಿಗುಂಡಿನ ಹಾಗಲ್ಲ. 20ರ ಹೊತ್ತಿಗೆ ಹತ್ತು ಗಂಟೆಗೇ ಬಂಡೆ ಕಾದಿರುತ್ತದೆ, ಮುಂಜಾನೆ ಬೇಗ ಹೊರಡಬೇಕು, ಬೇಗ ಅಂದರೆ ನಸುಕು, ನಸುಕಿನಲ್ಲಿ ನನಗೆ ಮತ್ತೆ ಎದೆ ಕಟ್ಟಿದರೆ... ಗಂಗಾವತಿಯಲ್ಲಿ ಚಿಕ್ಕವ್ವನ ಮನೆಯಲ್ಲಿ ಹಿಂದಿನ ರಾತ್ರಿಯೇ ಹೋಗಿ ಉಳಿದರೆ ಹೇಗೆ? ಇವರನ್ನು ಕೇಳಬೇಕು, ಅವರಿಗೂ ಅವತ್ತು ರಜೆ ಸಿಕ್ಕರೆ