ಗೋಡೌನಿನಲ್ಲಿ ನಡೆದ ಮೊದಲ ಹುಟ್ಟುಹಬ್ಬ

ಕೊಡಗಿನ ಸುಂಟಿಕೊಪ್ಪದ ಶಿಶುವಿಹಾರವೊಂದರಲ್ಲಿ ಹತ್ತು ವರ್ಷ ಮಕ್ಕಳೊಂದಿಗೆ ಕಳೆದ ನಾನು, ಹುಟ್ಟುಹಬ್ಬಗಳನ್ನು ಒಪ್ಪಿಕೊಂಡು ನಡೆಸಿಕೊಡುವ ಸ್ವಂತ ಕೆಲಸ ಆರಂಭಿಸಿದ್ದು 2023ರ ಬೇಸಿಗೆಯಲ್ಲಿ. ಸ್ತ್ರೀಶಕ್ತಿ ಸಂಘದಿಂದ 40,000 ರೂಪಾಯಿ ಸಾಲ ಪಡೆದೆ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಆಧಾರ್ ಮತ್ತು ಪ್ಯಾನ್ ಸಂಖ್ಯೆ ಸಾಕಾಯಿತು, ಹಣ ಕಟ್ಟಬೇಕಾಗಲಿಲ್ಲ. ಮನೆಯಲ್ಲಿ ಕೇಕ್ ಮಾಡಿ ಮಾರುವುದಕ್ಕೂ ಆಹಾರ ಸುರಕ್ಷತಾ ನೋಂದಣಿ ಬೇಕೆಂದು ತಿಳಿದಾಗ, ಆ ಭಾಗವನ್ನು ಈಗಾಗಲೇ ನೋಂದಣಿ ಮಾಡಿಸಿಕೊಂಡಿದ್ದ ಗೆಳತಿಗೆ ಬಿಟ್ಟೆ.

ಮೊದಲ ಕೆಲಸ ಸಿಕ್ಕಿದ್ದು ಜುಲೈ ತಿಂಗಳಿಗೆ. ಕಾಫಿ ತೋಟದ ಮನೆಯೊಂದರ ಮಗಳಿಗೆ ಐದು ವರ್ಷ ತುಂಬುತ್ತಿತ್ತು. ಬರುವ ಮಕ್ಕಳು 22. ಅಲಂಕಾರ, ಕೇಕ್, ಉಡುಗೊರೆಯ ಚೀಲಗಳು ಮತ್ತು ಮೈಸೂರಿನಿಂದ ಬರುವ ಜಾದೂಗಾರನ ಒಂದು ಗಂಟೆಯ ಪ್ರದರ್ಶನ, ಎಲ್ಲ ಸೇರಿ 14,000 ರೂಪಾಯಿಗೆ ಒಪ್ಪಿಕೊಂಡೆ. ಆಟಗಳಿಗೆಂದು ನಾನು ಬೇರೆ ಸಮಯವನ್ನೇ ಇಟ್ಟಿರಲಿಲ್ಲ. ಹತ್ತು ವರ್ಷ ಮಕ್ಕಳನ್ನು ಆಡಿಸಿದವಳಿಗೆ ಅದು ಹೇಗೆ ಹೊಳೆಯಲಿಲ್ಲವೋ ಇಂದಿಗೂ ಅರ್ಥವಾಗಿಲ್ಲ. ಕಣ್ಣೆಲ್ಲ ಬಲೂನಿನ ಕಮಾನಿನ ಮೇಲೆಯೇ ಇತ್ತು.

ಹಿಂದಿನ ದಿನ ಸಾಮಾನು ಇಳಿಸುವಾಗಲೇ ಮೊದಲ ತಪ್ಪು ಗೊತ್ತಾಯಿತು. ಸಗಟು ಅಂಗಡಿಯಿಂದ ತಂದಿದ್ದ ಥರ್ಮಾಕೋಲಿನ ದೊಡ್ಡ '5' ಅಂಕಿಯನ್ನೂ ಬಲೂನು ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿಗಳನ್ನೂ ನೋಡಿದ ಮಗುವಿನ ತಾಯಿ, "ಇವೆರಡೂ ನಿಷೇಧದ ಪಟ್ಟಿಯಲ್ಲಿವೆಯಲ್ಲ ಅಕ್ಕಾ?" ಎಂದು ಮೆಲ್ಲಗೆ ಕೇಳಿದರು. ಅವರು ಹೇಳಿದ್ದು ನಿಜ. 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದಲ್ಲಿ ತಟ್ಟೆ, ಲೋಟ, ಚಮಚಗಳ ಜೊತೆಗೆ ಬಲೂನಿನ ಕಡ್ಡಿಯೂ ಅಲಂಕಾರದ ಥರ್ಮಾಕೋಲೂ ಸೇರಿವೆ. ಈ ಕೆಲಸಕ್ಕೆ ಇಳಿಯುವವರು ಮೊದಲು ಓದಬೇಕಾದದ್ದು ಆ ಪಟ್ಟಿಯನ್ನೇ, ನಾನು ಓದಿರಲಿಲ್ಲ. ತೋಟದ ಅಂಚಿನಿಂದ ಬಿದಿರು ಕಡಿದು ತರಿಸಿ, ಸೀಳಿ, ರಾತ್ರಿ ಹತ್ತರವರೆಗೆ ಕೂತು ಕಡ್ಡಿ ಮಾಡಿದೆವು. ಬಿದಿರಿನ ಚೌಕಟ್ಟಿಗೆ ಜರಿಗಿಡದ ಎಲೆಗಳನ್ನು ಸುತ್ತಿ ಮಾಡಿದ ಐದರ ಅಂಕಿ ಥರ್ಮಾಕೋಲಿನದಕ್ಕಿಂತ ಚೆನ್ನಾಗಿ ಕಂಡಿತು.

ಮರುದಿನ ಬೆಳಗಿನಿಂದಲೇ ಬಿಡದ ಮಳೆ. ಹನ್ನೊಂದಕ್ಕೆ ಕರೆಂಟ್ ಹೋಯಿತು, ಬಲೂನಿಗೆ ಗಾಳಿ ತುಂಬುವ ಯಂತ್ರ ನಿಂತಿತು. ಕೈಪಂಪಿನಿಂದ ಅರ್ಧದಷ್ಟನ್ನು ತುಂಬಿದೆವು. ಎಂಟು ವರ್ಷದೊಳಗಿನ ಮಕ್ಕಳ ಗಂಟಲಿಗೆ ಒಡೆದ ಬಲೂನಿನ ಚೂರು ಸಿಕ್ಕಿಕೊಳ್ಳಬಹುದೆಂಬ ಎಚ್ಚರಿಕೆ ಪೊಟ್ಟಣದ ಮೇಲೆಯೇ ಇದ್ದುದರಿಂದ, ಒಡೆದವುಗಳ ಚೂರನ್ನೆಲ್ಲ ಹೆಕ್ಕುವುದಕ್ಕೆ ಒಬ್ಬಳನ್ನು ನೇಮಿಸಿದೆ. ಮೂರು ಗಂಟೆಗೆ ಜಾದೂಗಾರನ ಫೋನ್ ಬಂತು: ಆನೆಕಾಡಿನ ಬಳಿ ರಸ್ತೆಗೆ ಮರ ಬಿದ್ದಿದೆ, ಸಂಜೆಯವರೆಗೆ ದಾಟುವಂತಿಲ್ಲ. ಆ ಹೊತ್ತಿಗೆ ಎರಡು ಜೀಪಿನ ತುಂಬ ಮಕ್ಕಳು ಬಂದಿಳಿದಿದ್ದರು.

ಕತ್ತಲು ಕವಿದ ಹಜಾರದಲ್ಲಿ ಮಕ್ಕಳು ಹತ್ತು ನಿಮಿಷ ಸುಮ್ಮನಿದ್ದರು, ಆಮೇಲೆ ಒಬ್ಬ ಅಳತೊಡಗಿದ. ನನ್ನ ಕೈಕಾಲು ತಣ್ಣಗಾದವು. ಆಗ ಆ ಮನೆಯ ಅಜ್ಜಿ, "ಗೋಡೌನ್ ಖಾಲಿ ಇದೆ, ಅಲ್ಲಿಗೆ ಕರ್ಕೊಂಡು ಹೋಗವ್ವ" ಎಂದರು. ಕಾಫಿಯೆಲ್ಲ ಮಾರಾಟವಾಗಿದ್ದ ಜುಲೈ ತಿಂಗಳಾದ್ದರಿಂದ ಅಷ್ಟು ದೊಡ್ಡ ಒಣ ಜಾಗ ಖಾಲಿ ಬಿದ್ದಿತ್ತು; ಒಳಗೆ ಒಣಕಾಫಿಯ ವಾಸನೆ, ಮೂಲೆಯಲ್ಲಿ ಮಡಿಸಿಟ್ಟ ಗೋಣಿಚೀಲಗಳು. ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ಕೆರೆ-ದಡ ಆಡಿಸಿದೆ. ತಪ್ಪಿದವರು ಹೊರಗೆ ಹೋಗುವ ಬದಲು ನನ್ನ ಪಕ್ಕ ನಿಂತು 'ಕೆರೆ', 'ದಡ' ಎಂದು ಕೂಗಬೇಕೆಂದು ನಿಯಮ ಮಾಡಿದ್ದರಿಂದ ಯಾರೂ ಮುಖ ಸಣ್ಣದು ಮಾಡಲಿಲ್ಲ. ಬಳಿಕ ಗೋಣಿಚೀಲದ ಓಟ. ಕಾಫಿಯ ಚೀಲ ಐದು ವರ್ಷದವರ ಗಲ್ಲದವರೆಗೆ ಬರುತ್ತಿತ್ತು. ಅಜ್ಜಿ ಒಂದೊಂದರ ಬಾಯನ್ನೂ ಸೊಂಟದ ಮಟ್ಟಕ್ಕೆ ಮಡಿಸಿಕೊಟ್ಟರು. ಜಾದೂಗಾರನನ್ನು ಯಾವ ಮಗುವೂ ಕೇಳಲಿಲ್ಲ.

ಗದ್ದಲ ಕೇಳಿ ತೋಟದ ಕೆಲಸಗಾರರು ವಾಸಿಸುವ ಲೈನ್ ಮನೆಗಳ ಆರು ಮಕ್ಕಳು ಬಾಗಿಲಲ್ಲಿ ಬಂದು ನಿಂತರು. "ಒಳಗೆ ಬನ್ನಿ, ನೀವೂ ಆಡಿ" ಎಂದು ಕರೆದದ್ದು ಮಗುವಿನ ತಾಯಿ. ಕೇಕ್ ಎಲ್ಲರಿಗೂ ಸಾಕಾಯಿತು. ಉಡುಗೊರೆಯ ಚೀಲಗಳು ಮಾತ್ರ ಎಣಿಸಿ 22. ಜೊತೆಯಲ್ಲಿ ಬಿದ್ದು ಎದ್ದು ಓಡಿದ ಮಕ್ಕಳಲ್ಲಿ ಕೆಲವರಿಗೆ ಕೊಟ್ಟು ಉಳಿದವರನ್ನು ಬರಿಗೈಯಲ್ಲಿ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಆ ದಿನ ಯಾರಿಗೂ ಕೊಡುವುದು ಬೇಡವೆಂದು ತಾಯಿಯೊಂದಿಗೆ ಮಾತಾಡಿಕೊಂಡು, ಮಕ್ಕಳಿಗೆ ಒಂದೊಂದು ಬಲೂನು ಕಟ್ಟಿದ ಬಿದಿರುಕಡ್ಡಿ ಕೊಟ್ಟು ಕಳಿಸಿದೆವು. ವಾರದೊಳಗೆ ಇನ್ನೂ ಆರು ಚೀಲ ಮಾಡಿಸಿ 28ನ್ನೂ ತಲುಪಿಸಿದೆ. ಅಂದಿನಿಂದ ನನ್ನ ಲೆಕ್ಕದಲ್ಲಿ ಕರೆದ ಮಕ್ಕಳಿಗಿಂತ ಎಂಟು ಚೀಲ ಯಾವಾಗಲೂ ಹೆಚ್ಚು.

ನಡೆಯದ ಪ್ರದರ್ಶನದ 4,000 ರೂಪಾಯಿಯನ್ನು ಆ ತಾಯಿ ಒತ್ತಾಯ ಮಾಡಿದರೂ ನಾನು ತೆಗೆದುಕೊಳ್ಳಲಿಲ್ಲ. ಕೈಗೆ ಬಂದದ್ದು 10,000. ಜಾದೂಗಾರನ ಮುಂಗಡ 1,500, ಕೇಕ್ 2,000, ಅಲಂಕಾರ 3,200, 28 ಚೀಲಗಳಿಗೆ 3,080, ಜೀಪಿನ ಬಾಡಿಗೆ 1,100, ಒಟ್ಟು 10,880. ಮೊದಲ ಕೆಲಸದಲ್ಲಿ 880 ರೂಪಾಯಿ ನಷ್ಟ, ನನ್ನ ಮೂರು ದಿನದ ದುಡಿಮೆಗೆ ಏನೂ ಇಲ್ಲ. ಮುಂದಿನ ದರಪಟ್ಟಿಯಲ್ಲಿ ಜಾದೂ ಪ್ರದರ್ಶನವನ್ನು ಬೇಕೆಂದವರಿಗೆ ಮಾತ್ರವೆಂದು ಬೇರೆ ಮಾಡಿ, ಆಟಗಳಿಗೆ ಒಂದೂವರೆ ಗಂಟೆ ಇಟ್ಟು, ಅದಕ್ಕೆ 2,500 ರೂಪಾಯಿ ಎಂದು ಬರೆದೆ.

ಹೊರಡುವಾಗ ಅಜ್ಜಿ ಹದಿನೈದು ಹಳೆಯ ಗೋಣಿಚೀಲಗಳನ್ನು ಕಟ್ಟಿ ಜೀಪಿಗೆ ಹಾಕಿಸಿದ್ದರು. ಸುಂಟಿಕೊಪ್ಪದ ದರ್ಜಿಯ ಬಳಿ ಅವನ್ನು ಐದು ವರ್ಷದ ಮಕ್ಕಳ ಅಳತೆಗೆ ಕತ್ತರಿಸಿ, ಅಂಚಿಗೆ ಬಣ್ಣದ ಬಟ್ಟೆ ಹೊಲಿಸಿದೆ.