ಕೋಡ್ ಎಷ್ಟು ಸಲ ಬೇಕಾದ್ರೂ ಹಾಕಿ ಅಂದಿದ್ದು ನಾನೇ

2020ರ ಜುಲೈ. ಮನೆಯಿಂದಲೇ ಕೆಲಸ, ನೈಟ್ ಶಿಫ್ಟ್. ಆವತ್ತು ಸಂಜೆ ನನ್ನ ಮಗ ಯಾವುದೋ ಗೇಮ್‌ನಲ್ಲಿ ಲೈಫ್ ಬೇಗ ಸಿಗಲಿ ಅಂತ ನನ್ನ ಫೋನಿನ ಟೈಮನ್ನೇ ಮುಂದಕ್ಕೆ ತಿರುಗಿಸಿಟ್ಟಿದ್ದ. ನನಗೆ ಗೊತ್ತಿರಲಿಲ್ಲ. ರಾತ್ರಿ ಡಬ್ಲ್ಯುಎಚ್‌ಎಂಗೆ, ಅಂದರೆ ಸಿಪ್ಯಾನೆಲ್ ಅನ್ನೋ ವೆಬ್ ಹೋಸ್ಟಿಂಗ್ ಸಾಫ್ಟ್‌ವೇರಿನಲ್ಲಿ ಇಡೀ ಸರ್ವರ್ ನೋಡಿಕೊಳ್ಳೋ ಪುಟಕ್ಕೆ, ಲಾಗಿನ್ ಆಗೋಕೆ ಹೋದೆ. ಪಾಸ್‌ವರ್ಡ್ ಸರಿ. ಟೂಎಫ್‌ಎ ಕೋಡ್, ಅಂದರೆ ಪಾಸ್‌ವರ್ಡ್ ಆದಮೇಲೆ ಕೇಳೋ, ಫೋನಿನ ಆ್ಯಪ್‌ನಲ್ಲಿ ಬರೋ ಆರು ಅಂಕಿಯ ಕೋಡ್ ಹಾಕಿದೆ, ತಪ್ಪು. ಇನ್ನೊಂದು ಹಾಕಿದೆ, ಅದೂ ತಪ್ಪು. ಕಡಿಮೆ ಅಂದ್ರೂ ಹದಿನೈದು ಸಲ ಹಾಕಿದ್ದೀನಿ. ಕೊನೆಗೆ ನೋಡಿದರೆ ಲ್ಯಾಪ್‌ಟಾಪ್‌ನಲ್ಲಿ ಎರಡೂವರೆ, ಫೋನ್‌ನಲ್ಲಿ ನಾಲ್ಕೂವರೆ.

ಆ ಕೋಡ್ ಹುಟ್ಟೋದೇ ಫೋನಿನ ಟೈಮ್ ನೋಡಿಕೊಂಡು. ಟೈಮ್ ಸರಿ ಮಾಡಿ ಒಳಗೆ ಹೋದೆ. ಆಗ ನನಗೆ ಅನಿಸಿದ್ದೇನು ಗೊತ್ತಾ? ಪಾಸ್‌ವರ್ಡ್ ಐದು ಸಲ ತಪ್ಪಾದರೆ ಸಿಪಿಹಲ್ಕ್ ಅನ್ನೋ ಸಿಪ್ಯಾನೆಲ್‌ನ ಕಾವಲು ವ್ಯವಸ್ಥೆ ಎತ್ತಿ ಬಿಸಾಕುತ್ತೆ. ದಿನಾ ಬೆಳಗ್ಗೆ ಹಾಗೆ ಲಾಕ್ ಆದ ಯಾರದ್ದಾದರೂ ಐಪಿ ವಿಳಾಸವನ್ನು ವೈಟ್‌ಲಿಸ್ಟ್ ಮಾಡಿ ಒಳಗೆ ಬಿಡೋದೇ ನಮ್ಮ ಕೆಲಸ. ಕೋಡ್ ವಿಷಯದಲ್ಲಿ ಮಾತ್ರ ಪಾಪ, ಸ್ವಲ್ಪ ಕರುಣೆ ಇಟ್ಟಿದ್ದಾರೆ ಅಂತ ಖುಷಿಪಟ್ಟೆ. ಬೆಳಗ್ಗೆ ಹ್ಯಾಂಡೋವರ್ ಕಾಲ್‌ನಲ್ಲಿ ಜೂನಿಯರ್‌ಗಳಿಗೂ ಹೇಳಿದೆ: "ಕೋಡ್ ತಪ್ಪಾದ್ರೆ ಗಾಬರಿ ಬೇಡ, ಎಷ್ಟು ಸಲ ಬೇಕಾದ್ರೂ ಹಾಕಿ, ಲಾಕ್ ಆಗಲ್ಲ."

ಹತ್ತು ವರ್ಷ ಸರ್ವರ್ ನೋಡಿಕೊಂಡವನ ತಲೆ ಇದು. ನನ್ನನ್ನು ಹದಿನೈದು ಸಲ ಬಿಟ್ಟ ಬಾಗಿಲು ಬೇರೆಯವರನ್ನು ಹದಿನೈದು ಲಕ್ಷ ಸಲ ಬಿಡುತ್ತೆ ಅಂತ ಹೊಳೆಯಲೇ ಇಲ್ಲ.

ಅಕ್ಟೋಬರ್‌ನಲ್ಲಿ ನಮ್ಮ ಒಬ್ಬ ರೀಸೆಲ್ಲರ್ (ನಮ್ಮ ಸರ್ವರಿನ ಜಾಗ ತಗೊಂಡು ತಮ್ಮ ಗ್ರಾಹಕರಿಗೆ ಮಾರೋರು) ತಮ್ಮ ಪಾಸ್‌ವರ್ಡನ್ನು ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಆ ಗ್ರೂಪಿನಲ್ಲಿ ಕೆಲಸ ಬಿಟ್ಟುಹೋದವರೂ ಇದ್ದರು. ತಕ್ಷಣ ರೀಸೆಟ್ ಮಾಡಬೇಕಿತ್ತು. "ಸರ್, ಹಬ್ಬದ ಸೇಲ್ ನಡೀತಿದೆ, ಈಗ ಮುಟ್ಟಬೇಡಿ, ದೀಪಾವಳಿ ಆದ್ಮೇಲೆ ನಾವೇ ಬದಲಾಯಿಸ್ತೀವಿ" ಅಂದರು. ನಾನು ಟಿಕೆಟ್‌ನಲ್ಲಿ "ಟೂಎಫ್‌ಎ ಆನ್ ಇದೆ, ರಿಸ್ಕ್ ಕಡಿಮೆ" ಅಂತ ಬರೆದು ಪಕ್ಕಕ್ಕಿಟ್ಟೆ. ದೀಪಾವಳಿ ಆಯಿತು. ಅವರೂ ಬದಲಾಯಿಸಲಿಲ್ಲ, ನಾನೂ ಕೇಳಲಿಲ್ಲ.

ನವೆಂಬರ್ ಕೊನೆಯ ವಾರ ಡಿಜಿಟಲ್ ಡಿಫೆನ್ಸ್ ಅನ್ನೋ ಕಂಪನಿಯವರು ಹೊರಹಾಕಿದ ಸುದ್ದಿ ಓದಿದೆ. ಪಾಸ್‌ವರ್ಡ್ ಗೊತ್ತಿದ್ದವರು ಸಿಪ್ಯಾನೆಲ್‌ನ ಟೂಎಫ್‌ಎ ಕೋಡನ್ನು ಸುಮ್ನೆ ಊಹಿಸುತ್ತಾ ಹೋಗಬಹುದು, ತಪ್ಪು ಕೋಡ್‌ಗಳಿಗೆ ತಡೆಯೇ ಇಲ್ಲ. ಆರು ಅಂಕಿ ಅಂದರೆ ಒಟ್ಟು ಹತ್ತೇ ಲಕ್ಷ ಸಾಧ್ಯತೆ. ಸ್ಕ್ರಿಪ್ಟ್‌ಗೆ ಅದೆಲ್ಲ ಯಾವ ಲೆಕ್ಕ? ಅವರ ಪರೀಕ್ಷೆಯಲ್ಲಿ ನಿಮಿಷಗಳಲ್ಲೇ ಕೆಲಸ ಮುಗಿದಿತ್ತಂತೆ. 11.86.0.32, 11.90.0.17, 11.92.0.2 ಈ ಬಿಲ್ಡ್‌ಗಳಲ್ಲಿ, ಅಂದರೆ ಹೊಸ ಆವೃತ್ತಿಗಳಲ್ಲಿ, ಸಿಪ್ಯಾನೆಲ್‌ನವರು ಸರಿಪಡಿಸಿದ್ದರು.

ಓದುತ್ತಾ ಓದುತ್ತಾ ಬೆನ್ನು ತಣ್ಣಗಾಯಿತು. ಇದು ನನಗೆ ಜುಲೈನಲ್ಲೇ ಗೊತ್ತಿತ್ತಲ್ಲ! ಗೊತ್ತಿದ್ದೂ ಹೊಗಳಿದ್ದೆ. ಆಮೇಲೆ ಆ ರೀಸೆಲ್ಲರ್ ಟಿಕೆಟ್ ನೆನಪಾಯಿತು.

ಮೊದಲು ಅವರ ಪಾಸ್‌ವರ್ಡ್ ಬದಲಾಯಿಸಿದೆ, ಯಾರನ್ನೂ ಕೇಳದೆ. ಆಮೇಲೆ ವರ್ಷನ್ ನೋಡಿದೆ. 11.86, ಆದರೆ ಹಳೇ ಬಿಲ್ಡ್. ಯಾಕೆ ಹಳೇದು ಅಂದರೆ, ಯಾವಾಗಲೋ ಒಂದು ಅಪ್‌ಡೇಟ್ ಆದಮೇಲೆ ಒಬ್ಬ ಕ್ಲೈಂಟಿನ ಸೈಟ್ ಬಿದ್ದಿತ್ತು, ಅವರು ಕೂಗಾಡಿದ್ದರು, ನಮ್ಮ ಮ್ಯಾನೇಜರ್ "ಆಟೋ ಆಫ್ ಮಾಡಿ, ತಿಂಗಳಿಗೊಂದು ಸಲ ನಾವೇ ಹಾಕೋಣ" ಅಂದಿದ್ದರು. ಆ ತಿಂಗಳು ಯಾವತ್ತು ಬಂತೋ ದೇವರಿಗೇ ಗೊತ್ತು.

ಸಿಪ್ಯಾನೆಲ್ ಅಪ್‌ಡೇಟ್ ಮಾಡೋ ಅಪ್‌ಸಿಪಿ ಕಮಾಂಡ್ ಓಡಿಸಿದೆ. ಶೇಕಡಾ 17ರಲ್ಲಿ ನಿಂತುಕೊಂಡಿತು. ಇನ್ನೊಂದು ಟರ್ಮಿನಲ್‌ನಲ್ಲಿ ಆಕ್ಸೆಸ್ ಲಾಗ್, ಅಂದರೆ ಯಾರು ಯಾವಾಗ ಬಂದರು ಅನ್ನೋ ದಾಖಲೆ, ಗ್ರೆಪ್ ಮಾಡಿ ಹುಡುಕಿದೆ. ಒಂದೇ ಐಪಿ, ಡಬ್ಲ್ಯುಎಚ್‌ಎಂನ ಪೋರ್ಟ್ 2087ಕ್ಕೆ, ನಿಮಿಷಕ್ಕೆ ಹತ್ತಾರು ಹಿಟ್. ಸ್ಕ್ರಾಲ್ ಮಾಡಿದಷ್ಟೂ ಅದೇ. ಮುಗೀತು ಅಂದುಕೊಂಡೆ. ಮ್ಯಾನೇಜರ್‌ಗೆ ಮೆಸೇಜ್ ಟೈಪ್ ಮಾಡೋದು, ಅಳಿಸೋದು, ಮತ್ತೆ ಟೈಪ್ ಮಾಡೋದು. ಒಂಬತ್ತು ನಿಮಿಷ ಆದಮೇಲೆ ಆ ಐಪಿಯನ್ನು ಎಲ್ಲೋ ನೋಡಿದ್ದೀನಲ್ಲ ಅನಿಸಿತು. ನಮ್ಮದೇ ಮಾನಿಟರಿಂಗ್ ಬಾಕ್ಸ್. ಪೋರ್ಟ್ ಜೀವಂತ ಇದೆಯಾ ಅಂತ ತಟ್ಟಿ ನೋಡುತ್ತಿತ್ತು, ಅಷ್ಟೇ.

ನಗು ಬಂತು, ಆದರೆ ಸಮಾಧಾನ ಆಗಲಿಲ್ಲ. ಡಿಸ್ಕ್ ತುಂಬುತ್ತೆ ಅಂತ ನಾವೇ ಹಳೇ ಲಾಗ್ ಅಳಿಸಿ ಹಾಕುತ್ತಿದ್ದೆವು. ಸಿಕ್ಕಿದ್ದು ಆರು ದಿನದ್ದು ಮಾತ್ರ. ಅಕ್ಟೋಬರ್‌ನಿಂದ ಅಲ್ಲಿಯವರೆಗೆ ಯಾರಾದರೂ ಬಂದುಹೋದರಾ ಇಲ್ವಾ, ಇವತ್ತಿಗೂ ಹೇಳೋಕಾಗಲ್ಲ. ರೀಸೆಲ್ಲರ್‌ನ ಎಪಿಐ ಟೋಕನ್‌ಗಳನ್ನೆಲ್ಲ (ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬಿಡೋ ಕೀಲಿಗಳು) ತೆಗೆದೆ, ಕ್ರಾನ್‌ಗಳನ್ನು (ಹೇಳಿದ ಹೊತ್ತಿಗೆ ತಾವೇ ಓಡೋ ಕೆಲಸಗಳು) ಒಂದೊಂದಾಗಿ ನೋಡಿದೆ, ಏನೂ ಸಿಗಲಿಲ್ಲ. ಮ್ಯಾನೇಜರ್ ಟಿಕೆಟ್‌ಗೆ "ನೋ ಇಂಪ್ಯಾಕ್ಟ್" ಅಂತ ಬರೆದು ಮುಚ್ಚಿದರು. ಏನೂ ಸಿಗದೇ ಇರೋದಕ್ಕೂ ಏನೂ ಆಗದೇ ಇರೋದಕ್ಕೂ ಇರೋ ವ್ಯತ್ಯಾಸ ಹೇಳೋಕೆ ಹೋದೆ. "ಆಯ್ತು ಬಿಡಿ, ಆಟೋ ಅಪ್‌ಡೇಟ್ ಆನ್ ಮಾಡ್ಕೊಳ್ಳಿ" ಅಂದರು. ಅಷ್ಟಾದರೂ ಸಿಕ್ಕಿತಲ್ಲ.

ಹೊಸ ಬಿಲ್ಡ್‌ನಲ್ಲಿ ತಪ್ಪು ಕೋಡ್ ಕೂಡ ತಪ್ಪು ಪಾಸ್‌ವರ್ಡ್‌ನ ಲೆಕ್ಕಕ್ಕೇ ಸೇರುತ್ತೆ, ಸಿಪಿಹಲ್ಕ್ ಹಿಡಿಯುತ್ತೆ. ಅದನ್ನು ಟೀಮಿಗೆ ಹೇಳೋದು ಮಾತ್ರ ಮರೆತಿದ್ದೆ. ಮಾರನೇ ದಿನ ಬೆಳಗ್ಗೆ ಜೂನಿಯರ್ ಹುಡುಗ ಫೋನ್ ಮಾಡಿದ. ಲಾಕ್ ಆಗಿದ್ದ.

"ಎಷ್ಟು ಸಲ ಹಾಕಿದ್ಯೋ?"

"ಲೆಕ್ಕ ಇಟ್ಟಿಲ್ಲ ಸರ್. ನೀವೇ ಹೇಳಿದ್ರಲ್ವಾ?"