ಕಿರುಚಾಟ ನಿಂತ ಓಣಿ

ಪ್ಯಾರಿಸ್‌ನ ಪಿಗಾಲ್ ಮೆಟ್ರೋದಿಂದ ಇಳಿಜಾರಿನಲ್ಲಿ ಐದಾರು ನಿಮಿಷ ನಡೆದರೆ ಶಾಪ್ತಾಲ್ ಬೀದಿ. ಅಲ್ಲಿಂದ ಒಳಕ್ಕೆ ಕಲ್ಲು ಹಾಸಿದ ಒಂದು ಸಣ್ಣ ಓಣಿ. ಅದರ ತುದಿಯ ಕಟ್ಟಡ ನೋಡೋಕೆ ನಾನು ಎಷ್ಟೋ ವರ್ಷದಿಂದ ಕಾದಿದ್ದೆ.

"ಇದೇನಾ ಅಣ್ಣ? ಇಷ್ಟು ಚಿಕ್ಕದಾ?" ಅಂದಳು ತಂಗಿ.

ಹೌದು, ಇದೇ ಗ್ರಾಂಡ್ ಗಿನ್ಯೋಲ್, ಭಯದ ನಾಟಕಗಳಿಗೆ ಹೆಸರಾದ ರಂಗಮಂದಿರ. 1897ರಿಂದ 1962ರವರೆಗೆ ಇಲ್ಲಿ ರಂಗದ ಮೇಲೆ ಕಣ್ಣು ಕೀಳುತ್ತಿದ್ದರು, ಕತ್ತು ಸೀಳುತ್ತಿದ್ದರು. ಮೊದಲು ಇದು ಪ್ರಾರ್ಥನಾ ಮಂದಿರವಾಗಿತ್ತು. ನಾಟಕ ಶುರುವಾದ ಮೇಲೂ ಒಳಗೆ ಕೆತ್ತಿದ ದೇವದೂತರು ಹಾಗೇ ಇದ್ದರಂತೆ. ಸೀಟು ಮುನ್ನೂರಕ್ಕೂ ಕಡಿಮೆ.

ಆ ಚಿಕ್ಕ ಜಾಗವೇ ಇದರ ಶಕ್ತಿ ಅಂತ ನನಗೆ ಅನಿಸುತ್ತದೆ. ನಮ್ಮೂರ ಬಯಲಾಟದಲ್ಲಿ ಭೀಮ ದುಶ್ಶಾಸನನ ಎದೆ ಬಗೆದು ಕೆಂಪು ಬಟ್ಟೆಯ ಕರುಳು ಎಳೆದಾಗ ನಾನು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಆದರೂ ಅದು ದೂರದಲ್ಲಿತ್ತು, ಪುರಾಣದ ಕಥೆಯಾಗಿತ್ತು. ಇಲ್ಲಿ ಕೊಲೆ ಮೂಗಿನ ಮುಂದೆಯೇ ನಡೆಯುತ್ತಿತ್ತು. ಕೊಲ್ಲುವವನು ರಾಕ್ಷಸನಲ್ಲ, ಡಾಕ್ಟರ್, ದಾದಿ, ಪಕ್ಕದ ಮನೆಯವನು.

ಅಷ್ಟು ಹತ್ತಿರ ಕೂತವರ ಕಣ್ಣಿಗೆ ಮಣ್ಣೆರಚೋದು ಸುಲಭವಾ? ರಕ್ತಕ್ಕೆ ಕಾರ್ಮೈನ್ ಅನ್ನೋ ಕೆಂಪು ಬಣ್ಣವನ್ನು ಗ್ಲಿಸರಿನ್‌ಗೆ ಬೆರೆಸಿ ಕಾಯಿಸುತ್ತಿದ್ದರು. ಬಿಸಿ ಇದ್ದಾಗ ಹರಿಯುತ್ತಿತ್ತು, ಆರಿದಂತೆ ನಿಜವಾದ ರಕ್ತದ ಹಾಗೆ ಹೆಪ್ಪುಗಟ್ಟುತ್ತಿತ್ತು. ಒಂದು ಕ್ಷಣ ತಪ್ಪಿದರೂ ಆಟ ಕೆಟ್ಟಂತೆ. ಅಡುಗೆಯ ಪಾಕ ನೋಡುವಷ್ಟೇ ಎಚ್ಚರ ಬೇಕು.

ಇಲ್ಲಿಗೆ ಅತಿ ಹೆಚ್ಚು ಭಯದ ನಾಟಕ ಬರೆದ ಆಂದ್ರೆ ದ ಲೋರ್ದ್ ಲೈಬ್ರರಿಯಲ್ಲಿ ಕೆಲಸದಲ್ಲಿದ್ದವನು. ಬುದ್ಧಿಶಕ್ತಿ ಪರೀಕ್ಷೆ ರೂಪಿಸಿದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಜೊತೆ ಸೇರಿಯೂ ಬರೆದ. ರಂಗದ ಮೇಲೆ ಮತ್ತೆ ಮತ್ತೆ ಸತ್ತವಳು ಪೌಲಾ ಮಾಕ್ಸಾ. ಜಗತ್ತಿನಲ್ಲೇ ಅತಿ ಹೆಚ್ಚು ಸಲ ಕೊಲೆಯಾದ ಹೆಣ್ಣು ಅಂತಲೇ ಅವಳಿಗೆ ಹೆಸರು. ಒಂದು ಭಯದ ನಾಟಕ, ಹಿಂದೆಯೇ ಒಂದು ನಗೆನಾಟಕ, ಮತ್ತೆ ಭಯ. ಜನರಿಗೆ ಉಸಿರಾಡೋಕೆ ಬಿಟ್ಟು, ಮತ್ತೆ ಹಿಡಿಯುತ್ತಿದ್ದರು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜನ ಕಡಿಮೆಯಾದರು. ನಾಜಿಗಳ ಬುಖೆನ್‌ವಾಲ್ಡ್ ಸೆರೆಶಿಬಿರದಲ್ಲಿ ನಡೆದದ್ದರ ಮುಂದೆ ನಮ್ಮದು ಏನೂ ಅಲ್ಲ ಎಂಬರ್ಥದ ಮಾತನ್ನು ಕೊನೆಯ ನಿರ್ದೇಶಕ ಶಾರ್ಲ್ ನೊನೋ ಹೇಳಿದ್ದರು. ಅದನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಈಗ ಕಟ್ಟಡದಲ್ಲಿ ಕಿವುಡರ ರಂಗಸಂಸ್ಥೆ ಇದೆ, ಇಂಟರ್‌ನ್ಯಾಷನಲ್ ವಿಶುವಲ್ ಥಿಯೇಟರ್. ಅವತ್ತು ಪ್ರದರ್ಶನ ಇರಲಿಲ್ಲ, ಬಾಗಿಲು ಹಾಕಿತ್ತು. ಇಬ್ಬರು ಹುಡುಗಿಯರು ಅಲ್ಲೇ ನಿಂತು ಕೈಯಲ್ಲಿ ಮಾತಾಡುತ್ತಿದ್ದರು. ಒಬ್ಬಳು ಏನೋ ಭಯದ ಸಂಗತಿ ಹೇಳಿದಳೇನೋ, ಬೆರಳುಗಳನ್ನು ಕತ್ತಿನ ಹತ್ತಿರ ತಂದು ಕಣ್ಣು ಅಗಲ ಮಾಡಿದಳು. ಇನ್ನೊಬ್ಬಳು ಹೆದರಿ ಹಿಂದೆ ಸರಿದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ನೋಡುತ್ತಲೇ ಇದ್ದಳು.